ಸದ್ದು ಮಾಡುವ ಕೌದಿ

ಭಾಗವ್ವ ಹೊಲಿದ ಕೌದಿಯನ್ನು ಭಾಗವ್ವನ ಶೆಡ್ಡಿನಿಂದಲೇ ಹೊತ್ತು ತಂದು, ಅದು ಭುವನೇಶ್ವರಿಯವರ ಮನೆಯಿಂದ ಕಳುವಾದ ಮಾಲು ಎಂದು ನಾನು ಠಾಣೆಯಲ್ಲಿ ಬರೆದುಕೊಟ್ಟೆ. ಭಾಗವ್ವನನ್ನು ಬೆಳಗಿನಿಂದ ಸಂಜೆಯವರೆಗೆ ಠಾಣೆಯ ನೆಲದ ಮೇಲೆ ಕೂರಿಸಿದರು. ಕೌದಿ ಪ್ರದರ್ಶನಕ್ಕೆ ಹೋಯಿತು.

ಎಂಟನೆಯ ದಿನ, ಛತ್ರಪತಿ ಸಂಭಾಜಿನಗರದ ಪ್ರದರ್ಶನದ ಹಾಲಿನಲ್ಲಿ, ಅದೇ ಕೌದಿಯ ಮುಂದೆ, ಅದೇ ಭಾಗವ್ವನ ಪಕ್ಕದಲ್ಲಿ ನಾನು ನಿಂತಿದ್ದೆ.

"ಹಾತ್ ಲಾವೂ ನಕಾ, ಮಾವಶೀ," ಎಂದಳು ಹಾಲಿನ ಉಸ್ತುವಾರಿಗಿದ್ದ ಪ್ರಾಚಿ.

ಮುಟ್ಟಬೇಡ ಎಂದದ್ದು ತಿಳಿಯಲು ಭಾಗವ್ವನಿಗೆ ಮರಾಠಿ ಬೇಕಾಗಿರಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆಳೆದು ಸೆರಗಿನೊಳಗೆ ಮುಚ್ಚಿಕೊಂಡಳು. ಆ ಕೈಯೇ ಕಳ್ಳ ಎಂಬಂತೆ.

ಕೌದಿ ಗೋಡೆಯ ಮೇಲೆ ಕೋಲಿಗೆ ತೂಗುಬಿದ್ದಿತ್ತು. ಅಂಗೈಯಗಲದ ಆರು ಮೂಲೆಯ ತುಂಡುಗಳು, ಜೇನುಹುಟ್ಟಿನ ಹಾಗೆ ಒಂದರ ಬದಿಗೊಂದು. ಇಳಕಲ್ ಸೀರೆಯ ಚೂರು, ಯಾವುದೋ ಮಗುವಿನ ಯೂನಿಫಾರ್ಮಿನ ನೀಲಿ, ಗಂಡಸಿನ ಅಂಗಿಯ ಬೂದು ಪಟ್ಟೆ. ಕೆಳಗೊಂದು ಚೀಟಿ: 'ಸೌ. ಭುವನೇಶ್ವರಿ ಗುರುಬಸವ, ನಾಶಿಕ್. ಪೇಪರ್ ಪೀಸಿಂಗ್. ಸಂಪೂರ್ಣ ಕೈಹೊಲಿಗೆ.' ಅದರ ಮೇಲೆ ಮೊದಲ ಬಹುಮಾನದ ರಿಬ್ಬನ್ನು.

ಸಂಪೂರ್ಣ ಕೈಹೊಲಿಗೆ. ಸುಳ್ಳೇನಲ್ಲ. ಕೈ ಯಾರದು ಎಂದಷ್ಟೇ ಬರೆದಿರಲಿಲ್ಲ.

ಭಾಗವ್ವನ ಗಂಡ ಮಾಳಪ್ಪ ಕಾಣೆಯಾಗಿ ನಾಲ್ಕು ತಿಂಗಳು. ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಕಟ್ಟಡದ ಸೈಟಿಗೆ ಹೋದವನು ತಿರುಗಿ ಬರಲಿಲ್ಲ ಎನ್ನುತ್ತಾಳೆ ಅವಳು. ಭಾನುವಾರವೇ ಕೆಲಸ ಬಿಟ್ಟು ಓಡಿಹೋದ, ಸೋಮವಾರ ನಮ್ಮ ಗೇಟನ್ನೇ ದಾಟಿಲ್ಲ ಎನ್ನುತ್ತಾರೆ ಕಂತ್ರಾಟದಾರ ಗುರುಬಸವಪ್ಪ. ಅವರು ಭುವನೇಶ್ವರಿಯವರ ಗಂಡ. ಗೇಟಿನ ರಜಿಸ್ಟರು ಮಳೆಯಲ್ಲಿ ತೊಯ್ದು ಹಾಳಾಯಿತಂತೆ.

ನಾಶಿಕದಿಂದ ಈ ಪ್ರದರ್ಶನಕ್ಕೆ ಕೌದಿ ಆರಿಸಿ ಕಳಿಸುವ ಕೆಲಸ ನನ್ನದು; ಅದಕ್ಕಾಗಿ ಆ ಮನೆಯ ಸೋಫಾದಲ್ಲಿ ಕೂತು ಎರಡು ಸಲ ಚಹಾ ಕುಡಿದಿದ್ದೆ. 'ನೀವೂ ನಮ್ಮ ಕಡಿಯವ್ರೇ, ಕಲಬುರ್ಗಿ ಕಡಿಯವ್ರು' ಎಂದು ಭುವನೇಶ್ವರಿಯವರು ಹೇಳಿದಾಗ ಹಿಗ್ಗಿದ್ದೆ. 'ನಿಮ್ಮ ಮನ್ಯಾಗೂ ಕೌದಿ ಹೊಲೀತಿದ್ರೇನು?' ಎಂದು ಕೇಳಿದಾಗ, 'ಇಲ್ರಿ, ನಮ್ಮಲ್ಲಿ ರಜಾಯಿನೇ' ಎಂದಿದ್ದೆ.

ನನ್ನವ್ವ ದಾನಮ್ಮ ಇಪ್ಪತ್ತೆರಡು ವರ್ಷ ದೇವಳಾಲಿ ಕ್ಯಾಂಪಿನಲ್ಲಿ ಫೌಜಿಗಳ ಮನೆಮನೆಗೆ ಕೌದಿ ಹೊಲಿದು ನನ್ನನ್ನು ಓದಿಸಿದವಳು.

*

ಠಾಣೆಯಿಂದ ಬಿಟ್ಟ ಮರುದಿನ ಭಾಗವ್ವ ನನ್ನ ಆಫೀಸಿಗೆ ಬಂದಿದ್ದಳು. ಬಯ್ಯಲು ಬಂದಳೆಂದುಕೊಂಡು ನಾನು ಕುರ್ಚಿಯಿಂದ ಎದ್ದಿದ್ದೆ. ಬಯ್ದಿದ್ದರೆ ಬದುಕುತ್ತಿದ್ದೆ.

"ಅಕ್ಕಾರ, ಆ ಕೌದಿ ಒಗೀಬ್ಯಾಡ್ರಿ ಅಂತ ಭುವನೇಶ್ವರಿ ಅವ್ವಾರಿಗೆ ಒಂದು ಮಾತು ಹೇಳ್ರಿ," ಎಂದಳು. "ಒಳಗ ಕಾಗದ ಅದಾವು. ಕಿವಿ ಹಚ್ಚಿದ್ರ ಮಾತಾಡ್ತೈತಿ ಅದು."

ಅಷ್ಟು ಹೇಳಿ ಹೋದಳು. ಇಡೀ ದಿನ ಠಾಣೆಯಲ್ಲಿ ಕೂತು ಬಂದವಳಿಗೆ ಕೌದಿ ಹಾಳಾದೀತೆಂಬ ಚಿಂತೆ.

ನನಗೆ ನೆನಪಾದದ್ದು ಭುವನೇಶ್ವರಿಯವರ ಮಾತು. ಕಾಗದವನ್ನು ಆರು ಮೂಲೆಯಾಗಿ ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಿಚಿ ಟಾಕಿ ಹಾಕಿ, ತುಂಡಿಗೆ ತುಂಡು ಸೇರಿಸಿ, ಕಡೆಗೆ ಕಾಗದ ಎಳೆದು ತೆಗೆಯುವುದು: ಅವರ ಹೊಸ ವಿದ್ಯೆ ಅದು. ವಿಡಿಯೋ ನೋಡಿ ಕಲಿತು ಮನೆಯಲ್ಲೇ ಕ್ಲಾಸು ನಡೆಸುತ್ತಿದ್ದರು. 'ಒಂದು ಕಾಗದನೂ ಒಳಗ ಉಳೀಬಾರದ್ರಿ. ಎಲ್ಲಾ ನಾನೇ ಚಿಮಟಾದಿಂದ ತಗದೀನಿ' ಎಂದು ನನಗೆ ಹೇಳಿದ್ದರು.

ತಾನೇ ಹೊಲಿದೆ ಎಂದವರಿಗೇ ಗೊತ್ತಿಲ್ಲದ ಕಾಗದ ಕೌದಿಯೊಳಗೆ ಹೇಗೆ ಉಳಿಯಿತು?

ಈ ಪ್ರಶ್ನೆಯನ್ನು ನಾನು ದೂರು ಬರೆಯುವ ಮುಂಚೆ ಕೇಳಬೇಕಿತ್ತು. ಕೌದಿ ಭಾಗವ್ವನ ಹತ್ತಿರ ಇದೆ ಎಂದು ಭುವನೇಶ್ವರಿಯವರು ಅಂದದ್ದೇ ತಡ, ಶೆಡ್ಡಿನಿಂದ ಅದನ್ನು ಹೊತ್ತು ತಂದದ್ದು ನಾನೇ. ಭುಜದ ಮೇಲೆ ಅದು ಸರಸರ ಎನ್ನುತ್ತಲೇ ಇತ್ತು. ಕೇಳಿಸಿಕೊಳ್ಳಲಿಲ್ಲ. ಟಿನ್ ಶೆಡ್ಡಿನವಳ ಬಳಿ ಇಂಥ ಚಂದದ ವಸ್ತು ಇದೆ ಎಂದರೆ ಅದು ಕದ್ದದ್ದೇ ಎಂದು ನನ್ನ ತಲೆ ಮೊದಲೇ ತೀರ್ಪು ಬರೆದಾಗಿತ್ತು.

ಉತ್ತರ ಕೌದಿಯಲ್ಲೇ ಸಿಗಬೇಕೆಂದು ಭಾಗವ್ವನನ್ನು ಕರೆದುಕೊಂಡು ಪ್ರದರ್ಶನಕ್ಕೆ ಹೊರಟೆ. ಅವತ್ತು ಬೆಳಗಿನ ಗಾಡಿ ಮನ್ಮಾಡಿನಲ್ಲಿ ನಿಂತಾಗ ಅವಳು ಕೇಳಿದಳು, "ಕಿಟಕ್ಯಾಗ ನೋಡೂದ ಬಿಟ್ಟು ತೆಳಗ ಯಾಕ ನೋಡ್ತೀರಿ ಅಕ್ಕಾರ?"

ಏನು ಹೇಳಲಿ? ಏಳನೆಯ ಇಯತ್ತೆಯಲ್ಲಿ ವೇರೂಳಿನ ಗುಹೆಗಳಿಗೆ ಟ್ರಿಪ್ ಹೋಗುವಾಗ, ಗೆಳತಿಯರ ಕಂಬಳಿಗಳ ನಡುವೆ ಅವ್ವನ ಕೌದಿ ಬಿಚ್ಚಲು ನಾಚಿಕೆಯಾಗಿ, ಇದೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬೇಕಂತಲೇ ಬಿಟ್ಟು ಗಾಡಿ ಹತ್ತಿದವಳು ನಾನು ಎಂದು ಹೇಳಲೇ? ಅವ್ವನಿಗೆ ಕಳುವಾಯಿತು ಎಂದೆ. ಅವ್ವ ನಂಬಿದಳು.

ಕೌದಿಯ ವಿಷಯದಲ್ಲಿ ನಾನು ಬರೆಸಿದ ಸುಳ್ಳು ದೂರು ಇದು ಎರಡನೆಯದು.

*

"ಪ್ರಾಚಿ, ಒಂದು ಉಪಕಾರ ಮಾಡು," ಎಂದೆ ಮರಾಠಿಯಲ್ಲಿ. "ನಾವು ಮುಟ್ಟುವುದಿಲ್ಲ. ನೀನೇ ಮುಟ್ಟು. ಮೆಲ್ಲಗೆ ಒತ್ತಿ ಕಿವಿ ಇಡು."

ಅವಳು ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. ಆಮೇಲೆ ಒತ್ತಿದಳು.

"ಅಯ್ಯಾ! ಒಳಗೆ ಹಪ್ಪಳ ಇಟ್ಟಿದ್ದಾರಾ?" ಎಂದು ನಕ್ಕಳು. ಮರುಕ್ಷಣ ನಗು ನಿಂತಿತು. "ಕಾಗದ ತೆಗೆದೇ ಇಲ್ಲ? ಪರೀಕ್ಷಕರು ದೂರದಿಂದ ನೋಡಿ ಹೋದರು... ಆದರೆ ಭುವನೇಶ್ವರಿ ಮ್ಯಾಡಮ್ ಫಾರ್ಮಿನಲ್ಲಿ ತೆಗೆದಿದ್ದೇನೆ ಅಂತ ಬರೆದಿದ್ದಾರಲ್ಲ."

ನಾನು ಭಾಗವ್ವನ ಕಡೆ ತಿರುಗಿದೆ. "ಯಾಕ ತಗೀಲಿಲ್ಲ?"

"ಅವ್ವಾರು ತಗಿ ಅಂದಿದ್ರು. ಚಿಮಟಾನೂ ಕೊಟ್ಟಿದ್ರು," ಎಂದಳು ತಲೆ ತಗ್ಗಿಸಿ. "ನಾಶಿಕದ ಥಂಡಿ ನಿಮಗ ಗೊತ್ತೈತಲ್ರಿ. ಟಿನ್ ಶೆಡ್ನ್ಯಾಗ ಸಿಮೆಂಟ್ ಚೀಲದ ಕಾಗದ ಎದಿ ಮ್ಯಾಲ ಹಾಕ್ಕೊಂಡು, ಅದರ ಮ್ಯಾಲ ಹೊಚಗೊಂಡು ಮಲಗ್ತೀವಿ ನಾವು. ಗಾಳಿ ಒಳಗ ಬರೂದಿಲ್ಲ. ಹೊಚಗೊಂಡವ್ರು ಬೆಚ್ಚಗಿರ್ಲಿ ಅಂತ ಬಿಟ್ಟೆ."

"ಅವ್ವಾರಿಗೆ ಯಾಕ ಹೇಳ್ಲಿಲ್ಲ?"

"ಹೇಳಿದ್ರ ತಗಿ ಅಂತಿದ್ರು."

"ಮತ್ತ ಹೊಲಿದು ಮುಗಿದ ಮ್ಯಾಲ ಕೌದಿ ಶೆಡ್ಡಿಗೆ ಯಾಕ ಒಯ್ದಿದ್ದಿ?"

ಇದೊಂದನ್ನು ಠಾಣೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಹೊಟ್ಟಿ ತುಂಬಿಸಾಕ್ರಿ," ಎಂದಳು.

ನನ್ನವ್ವನೂ ಹಾಗೆಯೇ ಮಾಡುತ್ತಿದ್ದಳು. ಹೊಲಿಗೆ ಪೂರಾ ಆಗುವ ಮೊದಲು ನಟ್ಟನಡುವೆ ಒಂದು ತುಂಡಿನ ಬಾಯಿ ಬಿಟ್ಟಿಟ್ಟು, ಒಳಗೆ ಐದು ಜೋಳದ ಕಾಳು ಹಾಕಿ ಆಮೇಲೆ ಮುಚ್ಚುವುದು. ಹಸಿದ ಕೌದಿ ಯಾರನ್ನೂ ಬೆಚ್ಚಗೆ ಇಡಲಾರದು ಎಂದು.

"ಅವ್ವಾರ ಮನ್ಯಾಗ ಬರೀ ಗೋಧಿ ಇತ್ರಿ. ನಮ್ಮ ಇಂಡಿ ಜ್ವಾಳ ಶೆಡ್ನ್ಯಾಗಿತ್ತು. ಅದಕ್ಕ ಒಯ್ದೆ. ಎರಡ ದಿನದಾಗ ತರ್ತೀನಿ ಅಂತ ಹೇಳೇ ಒಯ್ದೀನಿ. ಹಸದದ್ದು ಕೊಡಬಾರ್ದಲ್ರಿ, ದೊಡ್ಡವ್ರಿಗೆ."

ಕಳ್ಳತನದ ಪೂರಾ ಕತೆ ಇಷ್ಟೇ ಆಗಿತ್ತು. ಐದು ಕಾಳು ಜೋಳ.

"ಆ ಬಾಯಿ ಎಲ್ಲೈತಿ ತೋರ್ಸು."

ಅವಳು ನಡುವಿನ ಕರಿಯ ತುಂಡು ತೋರಿಸಿದಳು. ಪ್ರಾಚಿ ನಮ್ಮಿಬ್ಬರನ್ನೂ ನೋಡಿದಳು, ರಿಬ್ಬನ್ನು ನೋಡಿದಳು, ಬಾಗಿಲು ನೋಡಿದಳು. "ಮಾಝ್ಯಾ ಆಜೀಚೀ ಗೋಧಡೀ ಪಣ ಅಶೀಚ್," ಎಂದಳು. ನನ್ನ ಅಜ್ಜಿಯ ಕೌದಿಯೂ ಹೀಗೇ ಎಂದು. ಆಮೇಲೆ ಬೆನ್ನು ತಿರುಗಿಸಿ ಮೊಬೈಲಿನಲ್ಲಿ ಮುಳುಗಿದಳು.

ಭಾಗವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು. ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಜೋಳದ ಕಾಳು ಅಂಗೈಗೆ ಬಿದ್ದವು. ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡ ಮೇಲೆಯೇ ಬಟ್ಟೆ ಎತ್ತಿದಳು.

ಕಾಗದ ಹೊರಗೆ ಬರಲಿಲ್ಲ. ಹೊಲಿಗೆಯ ದಾರ ಅದರ ಮೈಯಲ್ಲೇ ಹಾದುಹೋಗಿತ್ತು. ಬಗ್ಗಿ ನೋಡಿದೆ. ದಪ್ಪ ರಜಿಸ್ಟರ್ ಕಾಗದ, ನೀಲಿ ಗೆರೆ. ಮೊದಲನೆಯದರಲ್ಲಿ ಯಾವುದೋ ಲಾರಿಯ ನಂಬರು. ಪಕ್ಕದ ತುಂಡು ಬಿಚ್ಚಿದಳು: ಖಾಲಿ ಗೆರೆಗಳು.

ಮೂರನೆಯದು ಆ ಬೂದು ಪಟ್ಟೆಯ ಅಂಗಿಯ ತುಂಡು. ಅದನ್ನು ಬಿಚ್ಚುವ ಮುಂಚೆ ಭಾಗವ್ವ ಅದರ ಮೇಲೆ ಒಮ್ಮೆ ಬೆರಳಾಡಿಸಿದಳು. ಅಂಗಿ ಯಾರದೆಂದು ನಾನು ಕೇಳಲಿಲ್ಲ.

ಮರಾಠಿಯಲ್ಲಿ ಮೂರು ಸಾಲು. ಹೆಸರು, ಕೆಲಸದ ಜಾಗ, ಒಳಗೆ ಬಂದ ವೇಳೆ, ಹೊರಗೆ ಹೋದ ವೇಳೆ. ಮೇಲಿನ ಸಾಲಿನವನು ಹೊರಗೆ ಹೋದದ್ದು ಆರಕ್ಕೆ. ಕೆಳಗಿನ ಸಾಲಿನವನೂ ಆರಕ್ಕೆ. ನಡುವಿನ ಸಾಲಿನ ಕಡೆಯ ಮನೆ ಖಾಲಿ.

"ಏನ್ ಬರದೈತ್ರಿ ಅಕ್ಕಾರ?"

ಓದದೆ ಇರಬಹುದಿತ್ತು. ಅಕ್ಷರ ಬಾರದವಳಿಗೆ ಏನು ಹೇಳಿದರೂ ನಡೆಯುತ್ತದೆ ಎಂಬುದರ ಮೇಲೆಯೇ ಅಲ್ಲವೇ ನಾವೆಲ್ಲ ಮನೆ ಕಟ್ಟಿಕೊಂಡಿರುವುದು?

"ಮಾಳಪ್ಪ," ಎಂದೆ. "ಒಳಗ ಬಂದದ್ದು ಎಂಟು ಹತ್ತಕ್ಕ. ಹೊರಗ ಹೋದದ್ದು ಬರದಿಲ್ಲ."

ಅವಳು ಕಾಗದದ ಹತ್ತಿರ ಮುಖ ತಂದಳು. ಮಾಳಪ್ಪನ ಹೆಸರಿನ ನಡುವೆ ಸಾಲಾಗಿ ಮೂರು ಸೂಜಿತೂತು.

"ಅಂವನ ಹೆಸರಿನ ಮ್ಯಾಲ ಸೂಜಿ ಹಾಕೀನೇನ್ರಿ ನಾ?"

ನಾನು ಪಕ್ಕದ ಮನೆ ಓದಲು ಇನ್ನಷ್ಟು ಬಗ್ಗಿದೆ.

"ಯಾವ ಜಾಗಾ ಅಂತ ಬರದಾರ್ರಿ?"

"ಲಿಫ್ಟಿಗಂತ ತೋಡಿದ ಗುಂಡಿ."

ಭಾಗವ್ವ ನೆಟ್ಟಗೆ ನಿಂತಳು.

"ಆ ಸೋಮವಾರ ನಾ ಅವ್ವಾರ ಮನ್ಯಾಗ ಇದ್ನಿರಿ, ಬ್ಯಾರೆ ಕೌದಿ ಹೊಲೀಕೋತ," ಎಂದಳು. "ಅಂವ ರಾತ್ರಿ ಬರ್ಲಿಲ್ಲ. ಶ್ರಾವಣ ಸೋಮವಾರ, ಮಂದಿ ಕೂಡ ತ್ರ್ಯಂಬಕಕ್ಕ ಪ್ರದಕ್ಷಿಣಕ್ಕ ಹೋಗ್ಯಾನ ಅಂತ ತಿಳಕೊಂಡೆ. ಮಂಗಳವಾರ ಮುಂಜಾನೆ ಸೈಟಿಗಿ ಕೆಲಸಕ್ಕ ಹೋದೆ. ಅವತ್ತು ಲಿಫ್ಟ್ ಗುಂಡಿಗಿ ಕಾಂಕ್ರೀಟ್ ಹಾಕಿದ್ವಿ. ಯಾಕೋ ಲಗೂ ಲಗೂ ಅಂತ ಒದರ್ತಿದ್ರು..."

ಅವಳ ಕೈ ತನ್ನ ತಲೆಯ ಮೇಲೆ ಹೋಯಿತು, ಸಿಂಬೆ ಇಡುವ ಜಾಗಕ್ಕೆ.

"ನಾನೂ ಬುಟ್ಟಿ ಹೊತ್ತೀನ್ರಿ ಅಕ್ಕಾರ."

ಪುಟದ ನೆತ್ತಿಯ ಮೇಲೆ ತಾರೀಖು ಇರುತ್ತದೆ. ಆ ನೆತ್ತಿ ಈ ಕಾಗದದಲ್ಲಿರಲಿಲ್ಲ. ಕತ್ತರಿಯಲ್ಲಿ ಬೇರೆಯಾಗಿ, ಗೋಡೆಯ ಮೇಲಿನ ನೂರಾರು ತುಂಡುಗಳಲ್ಲಿ ಯಾವುದರೊಳಗೋ ಕೂತಿತ್ತು. ಅದು ಸಿಗದಿದ್ದರೆ ಇದು ಯಾವುದೋ ಒಂದು ದಿನದ ಹಾಜರಿ, ಅಷ್ಟೇ. ಸಿಕ್ಕರೆ ಕಾಂಕ್ರೀಟು ಒಡೆಯಬೇಕಾಗುತ್ತದೆ. ಅಲ್ಲಿಯವರೆಗೆ ಈ ಕೌದಿಗೆ ಒಂದು ಬಕೆಟ್ ನೀರೂ ತಾಗಬಾರದು.

"ಏನ್ ನಡದದ ತಂಗಿ ಇಲ್ಲಿ?"

ಮೆತ್ತನೆಯ ದನಿ. ಹಣೆಯ ಮೇಲೆ ವಿಭೂತಿ, ಇಸ್ತ್ರಿಯ ಬಿಳಿ ಅಂಗಿ. ಗುರುಬಸವಪ್ಪ. ಅವರ ಹಿಂದೆ ಬಹುಮಾನದ ಫೋಟೋಕ್ಕೆಂದು ಪೈಠಣಿ ಉಟ್ಟು ಬಂದ ಭುವನೇಶ್ವರಿ.

*

ಭಾಗವ್ವ ಅಭ್ಯಾಸದಂತೆ ಗೋಡೆಗೆ ಸರಿದು ದಾರಿ ಬಿಟ್ಟಳು. ಅದನ್ನು ನೋಡಿ ನನಗೆ ಸಿಟ್ಟು ಬಂತು. ನಾನೂ ಅರ್ಧ ಹೆಜ್ಜೆ ಸರಿದಿದ್ದೆ ಎಂದು ಆಮೇಲೆ ತಿಳಿಯಿತು.

"ವೈನೀ," ಎಂದೆ ಭುವನೇಶ್ವರಿಯವರಿಗೆ, "ಒಂದೇ ಮಾತು ಕೇಳ್ತೀನಿ. ಕಾಗದ ಎಲ್ಲಾ ನೀವೇ ತಗದಿದ್ರಿ ಅಲ್ಲ?"

"ಹೌದಲ್ರಿ. ಹೇಳಿದ್ನಲ್ಲ. ಒಂದೂ ಬಿಟ್ಟಿಲ್ಲ."

ನಾನು ಕೌದಿಯ ಅಂಚು ಹಿಡಿದು ಅಲುಗಿಸಿದೆ. ಖಾಲಿ ಹಾಲಿನಲ್ಲಿ ಅದು ಒಣಗಿದ ಎಲೆಯ ರಾಶಿಯ ಹಾಗೆ ಸದ್ದು ಮಾಡಿತು.

ಭುವನೇಶ್ವರಿಯವರ ಕಿವಿ ಕೆಂಪಾದವು. ಅವರು ನೋಡಿದ್ದು ನನ್ನನ್ನಲ್ಲ. "ತಗಿ ಅಂದಿದ್ನಲ್ಲೇ ಭಾಗವ್ವ..." ಎಂದುಬಿಟ್ಟರು. ಅಂದಮೇಲೆ ಬಾಯಿಗೆ ಕೈ ಹೋಯಿತು.

ಆಗಿಹೋಯಿತು. ಮೊದಲ ಬಹುಮಾನ ಅಲ್ಲಿಗೇ ನೆಲಕ್ಕೆ ಬಿತ್ತು. ಆದರೆ ಅವರ ಗಂಡನ ಮುಖ ಬಿಳುಚಿಕೊಂಡದ್ದು ಬಹುಮಾನಕ್ಕಲ್ಲ. ಬಿಚ್ಚಿದ್ದ ಆ ಮೂರು ತುಂಡುಗಳ ಕಡೆ ನೋಡುತ್ತಿದ್ದರು ಅವರು.

"ಯಾವ ಕಾಗದ ಇದು?"

"ಅದೇ ರೀ, ನೀವು ಟೆರೇಸಿನ ಮ್ಯಾಲ ಇಟ್ಟಿದ್ರಲ್ಲ, ಆ ದಪ್ಪ ರಜಿಸ್ಟರ್. ಅಷ್ಟು ಘಟ್ಟಿ ಕಾಗದ, ಒಂದು ಹನಿ ನೀರು ಬಿದ್ದಿದ್ದಿಲ್ಲ. ಕ್ಲಾಸಿಗಿ ಅಂಥಾದ್ದೇ ಬೇಕಿತ್ತು. ಸುಮ್ಮ ಸುಡೋದು ಅಂದ್ರ—"

"ಸುಡು ಅಂತ ಹೇಳಿದ್ದೆ ನಿನಗ."

ಮೆಲ್ಲಗೆ ಹೇಳಿದರು. ಮಳೆಯಲ್ಲಿ ತೊಯ್ದ ರಜಿಸ್ಟರನ್ನು ಯಾರಾದರೂ ಸುಡಲು ಹೇಳುತ್ತಾರೆಯೇ? ಅವರಿಗೂ ಅದು ಹೊಳೆಯಿತು. ನನ್ನ ಕಡೆ ತಿರುಗಿ ನಕ್ಕರು.

"ತಂಗಿ, ನೀನೇ ಬರದು ಕೊಟ್ಟೀದಿ, ಈ ಕೌದಿ ನಮ್ಮ ಮನೀದು ಅಂತ. ಠಾಣಾದಾಗ ಅದ ಆ ಕಾಗದ. ಈಗ ಏನು, ನಾ ಸುಳ್ಳು ಬರದಿದ್ದೆ ಅಂತೀಯೇನು?"

ಉತ್ತರ ನಾಲಿಗೆಯ ತುದಿಗೆ ಬಂದು ಒಂದು ಕ್ಷಣ ನಿಂತಿತು. ಆ ಒಂದು ಕ್ಷಣದ ನಾಚಿಕೆ ಈಗಲೂ ನನ್ನನ್ನು ಬಿಟ್ಟಿಲ್ಲ.

"ಹೌದು," ಎಂದೆ. "ಸುಳ್ಳು ಬರದಿದ್ದೆ. ವಿಚಾರ ಮಾಡದ ಬರದೆ. ಅದನ್ನೂ ಇವತ್ತೇ ಬರದು ಕೊಡ್ತೀನಿ."

"ಕೊಡು. ಪೊಲೀಸರು ಕೇಳ್ತಾರ, ನಿನ್ನ ಯಾವ ಮಾತು ಖರೇ ಅಂತ." ಅವರು ಪ್ರಾಚಿಯನ್ನು ಕರೆದು ಮರಾಠಿಯಲ್ಲಿ ಹೇಳಿದರು, "ನಾವು ಇದನ್ನು ವಾಪಸ್ ಒಯ್ಯುತ್ತೇವೆ. ಬಹುಮಾನ ಬೇಡ. ಈಗಲೇ ಇಳಿಸಿ."

"ನಿಮಗೆ ಕೊಡಲಾಗುವುದಿಲ್ಲ, ಸರ್," ಎಂದಳು ಪ್ರಾಚಿ. "ಯಾರ ಹೆಸರಿನಲ್ಲಿದೆಯೋ ಅವರೇ ಸಹಿ ಮಾಡಬೇಕು." ಒಂದು ಹಾಳೆ ತಂದು ಮೇಜಿನ ಮೇಲಿಟ್ಟು ಗಟ್ಟಿಯಾಗಿ ಓದಿದಳು. 'ಹೀ ಗೋಧಡೀ ಮೀ ಸ್ವತಃ ಶಿವಲೀ ಆಹೇ.' ಈ ಕೌದಿಯನ್ನು ನಾನೇ ಹೊಲಿದಿದ್ದೇನೆ.

ಗುರುಬಸವಪ್ಪ ಜೇಬಿನಿಂದ ಪೆನ್ನು ತೆಗೆದು ಹೆಂಡತಿಗೆ ಕೊಟ್ಟರು. "ಮಾಡು. ಮನಿಗಿ ಹೋದ ಕೂಡ್ಲೆ ಒಗಿಯೋ ಮಷೀನಿಗಿ ಹಾಕು. ನಾ ಎದುರಿಗಿ ನಿಂತು ನೋಡ್ತೀನಿ ಈ ಸಲ."

ಭುವನೇಶ್ವರಿಯವರು ಪೆನ್ನು ಹಿಡಿದು ಹಾಳೆಯ ಮೇಲೆ ಬಗ್ಗಿದರು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಕಾನೂನಿನ ಪ್ರಕಾರ ಕೌದಿ ಅವರದು. ಹಾಗೆ ಬರೆದುಕೊಟ್ಟವಳು ನಾನು.

ಗೋಡೆಯ ಕಡೆಯಿಂದ ಭಾಗವ್ವನ ದನಿ ಬಂತು.

"ಅವ್ವಾರ. ಅವತ್ತು ಸೋಮವಾರ ಸಂಜೀಕ ನಾ ಮನಿಗಿ ಹೊಂಟಾಗ ನೀವೇ ಅಂದಿದ್ರಿ. 'ನಿನ್ನ ಗಂಡ ಇವತ್ತು ಬರಾಂಗಿಲ್ಲ, ತ್ರ್ಯಂಬಕಕ್ಕ ಹೋಗ್ಯಾನ, ಚಿಂತಿ ಮಾಡಬ್ಯಾಡ' ಅಂತ. ಅಂವ ನನಗ ಹೇಳಿರ್ಲಿಲ್ಲ. ನಿಮಗ ಯಾರು ಹೇಳಿದ್ರಿ?"

ಪೆನ್ನು ನಿಂತಿತು.

"ಸೈಟಿನಿಂದ... ಫೋನ್ ಬಂದಿತ್ತು," ಎಂದರು ಭುವನೇಶ್ವರಿ. ನೆನಪಿಸಿಕೊಳ್ಳುತ್ತಿದ್ದರು. ನೆನಪಾಗುತ್ತಿದ್ದಂತೆ ದನಿ ಸಣ್ಣದಾಯಿತು. "ಇವ್ರೇ ಮಾಡಿದ್ರು. ಭಾಗವ್ವಗ ಹೇಳು, ಅಕಿ ಇಲ್ಲಿ ಹುಡುಕ್ಲಾಕ ಬರಬಾರದು ಅಂತ." ಗಂಡನ ಮುಖ ನೋಡಿದರು. "ಭಾನುವಾರನೇ ಓಡಿಹೋದ ಅಂತೀರಿ ಎಲ್ಲಾರ ಮುಂದ. ಸೋಮವಾರ ಸಂಜೀಕ ತ್ರ್ಯಂಬಕಕ್ಕ ಹೋಗ್ಯಾನ ಅಂತ ನನಗ ಯಾಕ ಹೇಳಿದ್ರಿ?"

"ಮಂದಿ ಮುಂದ ಏನು ಮಾತು ಇದು? ಸಹಿ ಮಾಡು."

"ನನ್ನ ಬಾಯಿಲೆ ಹೇಳಿಸಿದ್ರಿ ಅದನ್ನ," ಎಂದರು ಅವರು. "ಅಕಿ ನನ್ನ ಮಾತು ನಂಬಿ ಮನಿಗಿ ಹೋಗಿ ಮಲಗಿದ್ಲು."

"ಭುವನಾ. ಸಹಿ."

ಅವರು ಭಾಗವ್ವನನ್ನು ನೋಡಿದರು. ಮೂರು ವರ್ಷ ತನ್ನ ಮನೆಯ ಹಿತ್ತಲಿನ ಕಟ್ಟೆಯ ಮೇಲೆ ಕೂತು ಹೊಲಿದವಳನ್ನು ಮೊದಲ ಸಲ ಎದುರಿಗೆ ನೋಡುವಂತೆ. ಆಮೇಲೆ ಬೂದು ಪಟ್ಟೆಯ ತುಂಡನ್ನು, ಅದರ ಕೆಳಗಿನ ಹೆಸರನ್ನು. ನನ್ನ ಹಾಗಲ್ಲದೆ, ಅವರು ಕಣ್ಣು ತಗ್ಗಿಸಲಿಲ್ಲ. ಕಣ್ಣೀರು ಪೈಠಣಿಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಗುರುಬಸವಪ್ಪ ಹೆಂಡತಿಯ ಬೆರಳುಗಳನ್ನು ಪೆನ್ನಿನ ಸುತ್ತ ಒತ್ತಿ ಹಿಡಿದರು. ಅವರ ಇನ್ನೊಂದು ಕೈ ಆಗಲೇ ಕೌದಿಯ ಅಂಚಿನ ಮೇಲಿತ್ತು.

ಭುವನೇಶ್ವರಿಯವರು ಬೆರಳು ಬಿಡಿಸಿಕೊಂಡರು. ಪೆನ್ನು ಉರುಳಿ ನೆಲಕ್ಕೆ ಬಿತ್ತು.

"ಹೀ ಮಾಝೀ ನಾಹೀ," ಎಂದರು ಪ್ರಾಚಿಗೆ, ಹಾಲಿಗೆಲ್ಲ ಕೇಳುವಂತೆ. ಇದು ನನ್ನದಲ್ಲ. ಆಮೇಲೆ ಗಂಡನಿಗೆ, ತಮ್ಮ ಊರಿನ ಮಾತಿನಲ್ಲಿ:

"ನಾ ಮಾಡಂಗಿಲ್ರೀ ಸಹಿ."